2ನೇ ಕ್ಲಾಸ್ ನಲಿಕಲಿ: ಮಕ್ಕಳು ಆಡುತ್ತಿದ್ದಾರೋ, ಕಲಿಯುತ್ತಿದ್ದಾರೋ ತಿಳಿಯುವುದು ಹೇಗೆ?

ಆಲೂರಿನ ಅಮ್ಮ (ಜೂನ್)

ಎಲ್ಲರಿಗೂ ನಮಸ್ಕಾರ. ನಮ್ಮದು ಆಲೂರು ತಾಲ್ಲೂಕಿನ ಒಂದು ಹಳ್ಳಿ. ಮಗಳನ್ನು ಈ ವರ್ಷ ಊರಿನ ಸರ್ಕಾರಿ ಶಾಲೆಗೆ 2ನೇ ಕ್ಲಾಸಿಗೆ ಸೇರಿಸಿದ್ದೇವೆ. ಕಳೆದ ವರ್ಷ ಹಾಸನದ ಒಂದು ಖಾಸಗಿ ಶಾಲೆಯಲ್ಲಿದ್ದಳು. ಅಲ್ಲಿ ದಿನಾ ಪುಟಗಟ್ಟಲೆ ಬರೆಸುತ್ತಿದ್ದರು. ಇಲ್ಲಿ ನೋಟ್‌ಬುಕ್ ತೆರೆದರೆ ಖಾಲಿ ಖಾಲಿ. "ಇವತ್ತೇನು ಕಲಿತೆ ಪುಟ್ಟಿ?" ಎಂದರೆ "ಎರಡನೇ ತಟ್ಟೇಲಿ ಕೂತಿದ್ದೆ, ಆಮೇಲೆ ಮೂರಕ್ಕೆ ಹೋದೆ" ಎನ್ನುತ್ತಾಳೆ. ನಮ್ಮ ಅತ್ತೆ ಇದನ್ನು ಊಟದ ತಟ್ಟೆ ಅಂದುಕೊಂಡು, ಶಾಲೆಯಲ್ಲಿ ಎರಡೆರಡು ಸಲ ಊಟ ಹಾಕುತ್ತಾರಾ ಅಂತ ಕೇಳಿದರು.

ಇದು ನಲಿಕಲಿ ಪದ್ಧತಿಯಂತೆ, 1, 2, 3 ಮೂರೂ ಕ್ಲಾಸಿನವರು ಒಂದೇ ಕೋಣೆಯಲ್ಲಿ. ಬೆಂಚಿಲ್ಲ, ನೆಲದ ಮೇಲೆ ಗುಂಡಗೆ ಕೂರುತ್ತಾರೆ. ಟೀಚರ್ ಒಳ್ಳೆಯವರು, ಮಗಳಿಗೂ ಶಾಲೆ ಅಂದರೆ ಖುಷಿ. ಆದರೆ ಓದು ಯಾವಾಗ? ವರ್ಷದ ಕೊನೆಗೆ ಏನೇನು ಬರಬೇಕು? ಈಗಲೇ ಟ್ಯೂಷನ್‌ಗೆ ಹಾಕಿ ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ.

ಬೇಲೂರು ಟೀಚರ್ (ಜೂನ್)

ನಿಮ್ಮ ಅತ್ತೆಯವರ ಪ್ರಶ್ನೆಯನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ಸರಿಯಾದದ್ದೇ, ಇದನ್ನು ನಾವು ಪೋಷಕರಿಗೆ ಬಿಡಿಸಿ ಹೇಳುವುದೇ ಕಡಿಮೆ.

ತಟ್ಟೆ ಅಂದರೆ ಗುಂಪು. ಐದು ಗುಂಪು ಇರುತ್ತವೆ. ಮೊದಲನೆಯದರಲ್ಲಿ ಟೀಚರ್ ಪೂರ್ತಿ ಜೊತೆಗಿದ್ದು ಹೊಸದನ್ನು ಹೇಳಿಕೊಡುತ್ತಾರೆ. ಎರಡನೆಯದರಲ್ಲಿ ಟೀಚರ್ ಸಹಾಯ ಸ್ವಲ್ಪ ಮಾತ್ರ. ಮೂರು, ನಾಲ್ಕರಲ್ಲಿ ಗೆಳೆಯರೇ ಗೆಳೆಯರಿಗೆ ಹೇಳಿಕೊಡುತ್ತಾರೆ, ಮೊದಲು ಜಾಸ್ತಿ, ಆಮೇಲೆ ಕಡಿಮೆ. ಐದನೆಯದರಲ್ಲಿ ಮಗು ಒಂದೇ ಕೂತು ಮಾಡಬೇಕು. ಅಂದರೆ ಎರಡರಿಂದ ಮೂರಕ್ಕೆ ಹೋದೆ ಅಂತ ನಿಮ್ಮ ಮಗಳು ಹೇಳಿದ್ದು ಸಣ್ಣ ಸುದ್ದಿಯಲ್ಲ. ಟೀಚರ್ ಪಕ್ಕದಲ್ಲಿ ಇಲ್ಲದೆಯೂ ಅವಳು ಆ ಕೆಲಸ ಮಾಡುತ್ತಿದ್ದಾಳೆ ಅಂತ ಅರ್ಥ.

ಪಾಠವೆಲ್ಲ ಸಣ್ಣ ಸಣ್ಣ ಚಟುವಟಿಕೆಯ ಕಾರ್ಡುಗಳಲ್ಲಿ ಇರುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ ಹಾಕಿರುತ್ತಾರೆ. ಯಾವ ಕಾರ್ಡ್ ಆದ ಮೇಲೆ ಯಾವುದು ಅಂತ ಅದರಲ್ಲಿ ಚಿತ್ರದ ಗುರುತು ಇರುತ್ತದೆ. ಮಗುವೇ ನೋಡಿಕೊಂಡು ಕಾರ್ಡ್ ತೆಗೆದುಕೊಳ್ಳುತ್ತದೆ. ಜ್ವರ ಬಂದು ವಾರ ಶಾಲೆಗೆ ಬರದಿದ್ದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಒಮ್ಮೆ ಶಾಲೆಗೆ ಹೋಗಿ ಏಣಿಯ ಮುಂದೆ ನಿಂತು "ನೀನು ಎಲ್ಲಿದ್ದೀಯಾ ತೋರಿಸು" ಅಂತ ಮಗಳನ್ನೇ ಕೇಳಿ. ಬೆರಳಿಟ್ಟು ತೋರಿಸುತ್ತಾಳೆ.

ಟ್ಯೂಷನ್ ಬೇಡ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯೇ 2ನೇ ಕ್ಲಾಸಿನವರೆಗೆ ಹೋಂವರ್ಕ್ ಕೊಡಬಾರದು ಅಂತ ಹೇಳುತ್ತದೆ.

ಹಾಸನ ಟೌನ್ ಅಪ್ಪ (ಜೂನ್)

ಕೇಳಲು ಚೆನ್ನಾಗಿದೆ ಮೇಡಂ. ನನ್ನ ಮಗನೂ 2ನೇ ಕ್ಲಾಸ್, ಟೌನಿನ ಖಾಸಗಿ ಶಾಲೆ. 1ರಿಂದ 100ರವರೆಗೆ ಸ್ಪೆಲ್ಲಿಂಗ್ ಸಮೇತ ಬರೆಯುತ್ತಾನೆ. ಮಗ್ಗಿ 10ರವರೆಗೆ ಬಾಯಿಪಾಠ. ನಮ್ಮ ಅಣ್ಣನ ಮಗಳು ಸರ್ಕಾರಿ ಶಾಲೆ, ಅದೇ ಕ್ಲಾಸು. ಅ ಆ ಇ ಈ ಸಾಲಾಗಿ ಹೇಳು ಅಂದರೆ ತಡವರಿಸುತ್ತಾಳೆ. "ರ ಗ ಸ ದ ಅ" ಅಂತ ಶುರು ಮಾಡುತ್ತಾಳೆ. ಇದ್ಯಾವ ಪದ್ಧತಿ? ನಾವೆಲ್ಲ ವರ್ಣಮಾಲೆ ಕಲಿತೇ ಮುಂದೆ ಬಂದದ್ದು ಅಲ್ವಾ?

ಬೇಲೂರು ಟೀಚರ್ (ಜೂನ್)

ಸರ್, ಆ ಐದು ಅಕ್ಷರ ಬರೆದು ನೋಡಿ. ಒಂದರಿಂದ ಒಂದಕ್ಕೆ ಕೈ ಸುಲಭವಾಗಿ ತಿರುಗುತ್ತದೆ. ಅದಕ್ಕಿಂತ ಮುಖ್ಯ ಅಂದರೆ, ಐದೇ ಅಕ್ಷರ ಬಂದ ಕೂಡಲೇ ಮಗು ಸರ, ರಸ, ಅಗಸ, ಗರಗಸ ಓದಬಹುದು. ಮುಂದಿನದು ಜ ವ ಮ ಬ ನ. ಅದು ಬಂದರೆ ಮರ, ಜನ, ವನ, ಬಸವ. ಅ ಆ ಇ ಈ ಇಂದ ಶುರು ಮಾಡಿದರೆ ಸ್ವರಗಳೆಲ್ಲ ಮುಗಿದರೂ ಓದುವುದಕ್ಕೆ ಒಂದು ಪದ ಸಿಗುವುದಿಲ್ಲ. ವರ್ಣಮಾಲೆಯ ಸಾಲನ್ನೂ ಕಲಿಸುತ್ತೇವೆ, ಹಾಡಿನ ಹಾಗೆ, ಆಮೇಲೆ.

ಹಾಗಂತ ನಿಮ್ಮ ಅಣ್ಣನ ಮಗಳು 2ನೇ ಕ್ಲಾಸ್ ಅರ್ಧ ಆದರೂ ಕಾಗುಣಿತದಲ್ಲೇ ನಿಂತಿದ್ದರೆ ಅದಕ್ಕೆ ಗಮನ ಕೊಡಬೇಕು. 2ನೇ ಕ್ಲಾಸಿನ ಕನ್ನಡದ ದೊಡ್ಡ ಕೆಲಸವೇ ಕಾಗುಣಿತ ಗಟ್ಟಿ ಮಾಡಿ ಒತ್ತಕ್ಷರಕ್ಕೆ ಹೋಗುವುದು.

ಅರಸೀಕೆರೆ ಮೇಷ್ಟ್ರು, ನಿವೃತ್ತ (ಜೂನ್)

ನಲಿಕಲಿ ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಮೇಷ್ಟರುಗಳು ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ಅಲ್ಲಿಯ ಕಾರ್ಡಿನ ಪದ್ಧತಿ ನೋಡಿಕೊಂಡು ಬಂದು, ತಮ್ಮ ಶಾಲೆಗೆ ತಕ್ಕ ಹಾಗೆ ಮಾಡಿಕೊಂಡರು. ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂದದ್ದು 2009-10ರಲ್ಲಿ. ನಾನು ಅದಕ್ಕೂ ಮೊದಲು ಪಾಠ ಮಾಡಿದವನು, ಆಮೇಲೂ ಮಾಡಿದವನು.

ಮೊದಲಿನ ಕಾಲದಲ್ಲಿ ಮುಂದಿನ ಸಾಲಿನವರು ಕಲಿಯುತ್ತಿದ್ದರು. ಹಿಂದಿನ ಸಾಲಿನವರು ಹಿಂದೆಯೇ ಉಳಿಯುತ್ತಿದ್ದರು. ಗುಂಡಗೆ ಕೂರಿಸಿದ ಮೇಲೆ ಹಿಂದಿನ ಸಾಲೇ ಹೋಯಿತು. ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ಅದೇ. ಆದರೆ ಟೌನ್ ಅಪ್ಪ ಹೇಳುವುದರಲ್ಲೂ ಹುರುಳಿದೆ. ಕಾರ್ಡ್ ಕಳೆದುಹೋಗಿರುತ್ತವೆ, ಮೂಲೆ ಹರಿದಿರುತ್ತವೆ. ಟೀಚರ್ ಜನಗಣತಿಗೋ ಚುನಾವಣೆಗೋ ಹೋಗಿರುತ್ತಾರೆ. ಆಗ ಐದು ತಟ್ಟೆಯೂ ಒಂದೇ ತಟ್ಟೆ, ಗಲಾಟೆ ತಟ್ಟೆ. ಮಗುವೇ ಕಲಿಯುತ್ತದೆ ಅಂತ ಪಕ್ಕಕ್ಕೆ ಕೂತ ಮೇಷ್ಟರನ್ನೂ ನೋಡಿದ್ದೇನೆ. ಈ ಪದ್ಧತಿಯಲ್ಲಿ ಟೀಚರ್‌ಗೆ ಕೆಲಸ ಜಾಸ್ತಿ, ಕಡಿಮೆಯಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬೇಕು ಅಂದರೆ ಸುಲಭದ ಉಪಾಯ ಇದೆ. ಪಾಠದ ಪುಸ್ತಕ ಓದಿಸಬೇಡಿ, ಅದು ಬಾಯಿಪಾಠ ಆಗಿರುತ್ತದೆ. ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಬೋರ್ಡ್ ಓದಿಸಿ. ಹಾಸನ, ಆಲೂರು, ಬೇಲೂರು, ಕಡೂರು, ಮೂಡಿಗೆರೆ, ಸಕಲೇಶಪುರ, ಇವು ಕಾಗುಣಿತ ಬಂದರೆ ಬರುತ್ತವೆ. ಕೊಪ್ಪ, ಚಿಕ್ಕಮಗಳೂರು, ಚನ್ನರಾಯಪಟ್ಟಣಕ್ಕೆ ಒತ್ತು ಬೇಕು. ಆಮೇಲೆ ಶ್ರವಣಬೆಳಗೊಳ, ಶೃಂಗೇರಿ. ಎಲ್ಲಕ್ಕಿಂತ ಕಷ್ಟ ಧರ್ಮಸ್ಥಳ. ಅರ್ಕಾವತ್ತು ಬರೆಯುವುದು ಆಮೇಲೆ, ಓದುವುದು ಮೊದಲು. ಅಲ್ಲಿ ದೊಡ್ಡವರೂ ಎಡವುತ್ತಾರೆ. 2ನೇ ಕ್ಲಾಸ್ ಮುಗಿಯುವಾಗ ಮಗು ಚನ್ನರಾಯಪಟ್ಟಣ ಓದಿದರೆ ನಿಶ್ಚಿಂತೆಯಿಂದಿರಿ.

ಹಾಸನ ಟೌನ್ ಅಪ್ಪ (ಜೂನ್)

ಮೇಷ್ಟ್ರೇ, ಸಂಜೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಬೋರ್ಡಿನ ಇಂಗ್ಲಿಷ್ ಭಾಗ ಓದುತ್ತಾನೆ, ಕನ್ನಡದಲ್ಲಿ ಚಿಕ್ಕಮಗಳೂರನ್ನು "ಚಿಕಮಗಳೂರು" ಅಂದ. ಶಾಲೆಯಲ್ಲಿ ಕನ್ನಡ ಒಂದೇ ಪೀರಿಯಡ್ಡು. ಇದನ್ನು ಇಲ್ಲಿಗೇ ಬಿಡೋಣ.

ಕಳಸದ ಕಡೆ ಟೀಚರ್ (ಜುಲೈ)

ಹಾಸನದ ಕಡೆಯವರಿಗೆ ಜೂನ್, ಜುಲೈ ಅಂದರೆ ಪಾಠದ ತಿಂಗಳು. ನಮಗೆ ಮಳೆ ರಜೆಯ ತಿಂಗಳು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಡೂರು, ತರೀಕೆರೆ ಕಡೆ ಬಿಸಿಲಿದ್ದಾಗಲೂ ಶೃಂಗೇರಿ, ಕೊಪ್ಪ, ಕಳಸ, ಮೂಡಿಗೆರೆಗೆ ಮಾತ್ರ ರಜೆ ಕೊಡುತ್ತಾರೆ. ಹಳ್ಳ ದಾಟಿ ಬರುವ ಮಕ್ಕಳು ಇದ್ದಾರೆ, ರಜೆ ಕೊಡಲೇಬೇಕು. ಆಮೇಲೆ ಶನಿವಾರ ಮಧ್ಯಾಹ್ನ ಕೂರಿಸಿ ಸರಿದೂಗಿಸುತ್ತೇವೆ.

ತರಗತಿಯಲ್ಲಿ ಹವಾಮಾನ ನಕ್ಷೆ ಅಂತ ಒಂದು ಇರುತ್ತದೆ. ಬೆಳಿಗ್ಗೆ ಮಕ್ಕಳು ಹೊರಗೆ ನೋಡಿ ಬಿಸಿಲೋ ಮೋಡವೋ ಮಳೆಯೋ ಗುರುತು ಹಾಕಬೇಕು. ಜುಲೈನಲ್ಲಿ ನಮ್ಮದು ಇಡೀ ಸಾಲು ಮಳೆ. ಮಕ್ಕಳಿಗೇ ಬೇಜಾರಾಗಿ "ಟೀಚರ್, ಎಲ್ಲಾ ಮಳೆ ಒಂದೇನಾ?" ಅಂದರು. ಸರಿ, ನೀವೇ ಬೇರೆ ಬೇರೆ ಮಾಡಿ ಅಂದೆ. ಜಿಟಿಜಿಟಿ ಮಳೆ, ಗಾಳಿ ಮಳೆ, ಬಿಟ್ಟು ಬಿಟ್ಟು ಬರುವ ಮಳೆ, ಹಂಚಿನ ಮೇಲೆ ಸದ್ದು ಮಾಡುವ ಮಳೆ, ಹೀಗೆ ಹೆಸರಿಟ್ಟು ಚಿತ್ರ ಬರೆದರು. ಒಬ್ಬ ಹುಡುಗ ಮನೆಯಲ್ಲಿ ಅಜ್ಜನನ್ನು ಕೇಳಿಕೊಂಡು ಬಂದು "ಈಗ ನಡೀತಿರೋದು ಪುನರ್ವಸು, ಆಮೇಲೆ ಪುಷ್ಯ" ಅಂದ. ತಿಂಗಳ ಕೊನೆಗೆ ಯಾವ ಮಳೆ ಎಷ್ಟು ದಿನ ಅಂತ ಎಣಿಸಿದೆವು. ಎಣಿಕೆ, ಹೋಲಿಕೆ, ಹೊಸ ಪದ, ಪರಿಸರ, ಎಲ್ಲ ಆ ಒಂದು ನಕ್ಷೆಯಲ್ಲೇ ಆಯಿತು. ಇದು ಯಾವ ನೋಟ್‌ಬುಕ್ಕಿನಲ್ಲೂ ಕಾಣುವುದಿಲ್ಲ, ಆಲೂರಿನ ಅಮ್ಮ ಗಮನಿಸಿ.

ಎಸ್ಟೇಟ್ ರೈಟರ್, ಮೂಡಿಗೆರೆ (ಡಿಸೆಂಬರ್)

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ತೋಟದಲ್ಲಿ ಈಗ ಕಾಫಿ ಕೊಯ್ಲು. ಅಸ್ಸಾಂನಿಂದ ಕೆಲಸದವರು ಬಂದಿದ್ದಾರೆ, ಲೈನ್ ಮನೆಗಳು ತುಂಬಿವೆ. ಅವರಲ್ಲಿ ಒಬ್ಬರ ಮಗ ಏಳು ವರ್ಷದವನು. ಸುಮ್ನೆ ಕಣದ ಹತ್ತಿರ ಓಡಾಡಿಕೊಂಡಿರುತ್ತಾನೆ. ಶಾಲೆಗೆ ಸೇರಿಸೋಣ ಅಂದರೆ ಟಿಸಿ ಇಲ್ಲ, ಕನ್ನಡ ಬರುವುದಿಲ್ಲ, ಫೆಬ್ರವರಿ ಕಳೆದರೆ ಹೊರಟುಹೋಗುತ್ತಾರೆ. ಸೇರಿಸಿ ಪ್ರಯೋಜನ ಉಂಟಾ?

ಕಳಸದ ಕಡೆ ಟೀಚರ್ (ಡಿಸೆಂಬರ್)

ಅಣ್ಣ, ನಾಳೆಯೇ ಕರೆದುಕೊಂಡು ಹೋಗಿ. ಟಿಸಿ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ವರ್ಷದ ಮಧ್ಯದಲ್ಲೂ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ಕ್ಲಾಸು ಕೊಡಬೇಕು.

ಭಾಷೆಯ ವಿಷಯಕ್ಕೆ ನಲಿಕಲಿ ಕೋಣೆಯೇ ಅನುಕೂಲ. ಸಾಲಿನಲ್ಲಿ ಕೂತು ಪಾಠ ಕೇಳುವ ಕ್ಲಾಸಾದರೆ ಆ ಹುಡುಗ ಕೂತಲ್ಲೇ ಕೂತಿರುತ್ತಾನೆ. ಇಲ್ಲಿ ಗುಂಪು ಇದೆ, ಹಾಡು ಇದೆ, ಕೈಗೆ ಕೆಲಸ ಇದೆ. ನಮ್ಮ ಕೋಣೆಯಲ್ಲಿ ಮನೆಯಲ್ಲಿ ತುಳು ಆಡುವವರು ಇದ್ದಾರೆ, ಲಂಬಾಣಿ ಮಕ್ಕಳು ಇದ್ದಾರೆ, ಅಸ್ಸಾಮಿನವರೂ ಇದ್ದಾರೆ. ಮೊದಲ ವಾರ ನಾನು ಅಕ್ಷರವನ್ನೇ ಮುಟ್ಟುವುದಿಲ್ಲ. "ನಿಂಗೆ ನೀರಿಗೆ ಏನಂತಾರೆ, ನಾಯಿಗೆ ಏನಂತಾರೆ" ಅಂತ ಉಳಿದ ಮಕ್ಕಳಿಂದಲೇ ಕೇಳಿಸುತ್ತೇನೆ. ಆ ಮಗುವಿನ ಭಾಷೆಯ ಪದ ಎಲ್ಲರೂ ಕಲಿಯುತ್ತಾರೆ. ಆಮೇಲೆ ಅವನು ತಾನಾಗಿ ಕನ್ನಡಕ್ಕೆ ಬರುತ್ತಾನೆ. ಲೆಕ್ಕದಲ್ಲಿ ಅಂತೂ ತೊಂದರೆಯೇ ಇಲ್ಲ. ಹುಣಸೆ ಬೀಜ ಎಣಿಸುವುದಕ್ಕೆ ಭಾಷೆ ಬೇಕಾಗಿಲ್ಲ.

ಎಸ್ಟೇಟ್ ರೈಟರ್, ಮೂಡಿಗೆರೆ (ಡಿಸೆಂಬರ್)

ಸೇರಿಸಿ ಬಂದೆ. ಮೊದಲನೇ ದಿನ ಅತ್ತ. ಬಿಸಿಯೂಟಕ್ಕೆ ಮೊಟ್ಟೆ ಕೊಟ್ಟರಂತೆ, ಈಗ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗೇಟಿನ ಹತ್ತಿರ ನಿಂತಿರುತ್ತಾನೆ.

ಆಲೂರಿನ ಅಮ್ಮ (ಜನವರಿ)

ನನ್ನ ಪ್ರಶ್ನೆ ಈಗ ಕನ್ನಡದಿಂದ ಲೆಕ್ಕಕ್ಕೆ ಬಂದಿದೆ. ಓದು ಹತ್ತಿದೆ. ಅಂಗಡಿ ಬೋರ್ಡು, ಗೊಬ್ಬರದ ಚೀಲ, ಲಗ್ನಪತ್ರಿಕೆ ಯಾವುದನ್ನೂ ಬಿಡುವುದಿಲ್ಲ. ಕೂಡುವುದು ಮಾಡುತ್ತಾಳೆ. ಕಳೆಯುವುದರಲ್ಲಿ ಒಂದು ವಿಚಿತ್ರ ನೋಡಿ. 52ರಲ್ಲಿ 27 ಕಳೆ ಅಂದರೆ 35 ಅಂತ ಬರೆಯುತ್ತಾಳೆ. ಪ್ರತಿ ಸಲವೂ ಹೀಗೇ. ಇನ್ನೊಂದು, ನೂರೈದು ಬರೆ ಅಂದರೆ 1005 ಬರೆಯುತ್ತಾಳೆ. ಇವರಪ್ಪ ಗದರುತ್ತಾರೆ, ಅವಳು ಅಳುತ್ತಾಳೆ.

ಬೇಲೂರು ಟೀಚರ್ (ಜನವರಿ)

ಇವರಪ್ಪನಿಗೆ ಮೊದಲು ಹೇಳಿ, ಇದು ಗಮನ ಇಲ್ಲದೆ ಆಗುವ ತಪ್ಪಲ್ಲ. ಯೋಚನೆ ಮಾಡಿ ಆಗುವ ತಪ್ಪು. 2ರಲ್ಲಿ 7 ಹೋಗುವುದಿಲ್ಲ, ಆದ್ದರಿಂದ 7ರಲ್ಲಿ 2 ಕಳೆದು 5 ಬರೆದಿದ್ದಾಳೆ. 5ರಲ್ಲಿ 2 ಹೋದರೆ 3. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಯಾರೋ ಹೇಳಿದ್ದನ್ನು ಅಚ್ಚುಕಟ್ಟಾಗಿ ಪಾಲಿಸಿದ್ದಾಳೆ. ಪ್ರತಿ ವರ್ಷ ನಮ್ಮ ಕ್ಲಾಸಿನಲ್ಲಿ ಹೀಗೆ ಮಾಡುವವರು ಇದ್ದೇ ಇರುತ್ತಾರೆ.

ಪೆನ್ಸಿಲ್ ಪಕ್ಕಕ್ಕಿಡಿ. ಪೊರಕೆ ಕಡ್ಡಿ ಮುರಿದು ಹತ್ತು ಹತ್ತರ ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ. 52 ಅಂದರೆ ಐದು ಕಟ್ಟು, ಎರಡು ಬಿಡಿ. "ಇದರಲ್ಲಿ 27 ಕೊಡು" ಅನ್ನಿ. ಎರಡು ಕಟ್ಟು ಕೊಡುತ್ತಾಳೆ. ಏಳು ಬಿಡಿ ಕೊಡಲು ಹೋದರೆ ಎರಡೇ ಇದೆ. ಆಗ ಏನೂ ಹೇಳಬೇಡಿ, ಸುಮ್ಮನೆ ಕಾಯಿರಿ. ಇದೇ ಕಷ್ಟದ ಕೆಲಸ, ನಮಗೆ. ಸ್ವಲ್ಪ ಹೊತ್ತಿಗೆ ಅವಳೇ ಒಂದು ಕಟ್ಟಿನ ರಬ್ಬರ್ ಬಿಚ್ಚುತ್ತಾಳೆ. ಹನ್ನೆರಡು ಬಿಡಿ ಆಯಿತು, ಏಳು ಕೊಟ್ಟರೆ ಐದು ಉಳಿಯಿತು. ಕಟ್ಟು ಎರಡು. 25. "ಹತ್ತು ಸಾಲ ತಗೋ" ಅಂತ ನಾವು ಹೇಳುತ್ತೇವಲ್ಲ, ಆ ಸಾಲ ಯಾರ ಹತ್ತಿರ ತಗೊಂಡದ್ದು ಅಂತ ಮಗುವಿಗೆ ಗೊತ್ತಿರುವುದಿಲ್ಲ. ಕಟ್ಟು ಬಿಚ್ಚಿದ ಕೈಗೆ ಗೊತ್ತಿರುತ್ತದೆ.

ಕಟ್ಟು ಬಿಚ್ಚುವುದು ಸಲೀಸಾದ ಮೇಲೆ ಮಾಡಿದ್ದನ್ನೇ ಬರೆಯಲು ಹೇಳಿ. ಮೊದಲೇ ಬರೆಸಬೇಡಿ. 1005ಕ್ಕೂ ಮದ್ದು ಇದೇ. ಅವಳು ಕೇಳಿಸಿಕೊಂಡದ್ದು ನೂರು, ಆಮೇಲೆ ಐದು. 100 ಬರೆದು ಪಕ್ಕದಲ್ಲಿ 5 ಹಾಕಿದಳು. ನೂರು, ಹತ್ತು, ಬಿಡಿ ಅಂತ ಮೂರು ಮನೆ ಗೆರೆ ಹಾಕಿ ಕೊಡಿ. ಹತ್ತರ ಮನೆಯಲ್ಲಿ ಯಾರೂ ಇಲ್ಲ, ಸೊನ್ನೆ ಕೂರಿಸು ಅಂದರೆ ಹಿಡಿದುಕೊಳ್ಳುತ್ತಾಳೆ.

ಅಂಗಡಿ ಆಟವನ್ನೂ ಆಡಿಸಿ. ನಮ್ಮ ಕ್ಲಾಸಿನಲ್ಲಿ ಖಾಲಿ ಡಬ್ಬಿ, ಬೆಂಕಿಪೊಟ್ಟಣ ಇಟ್ಟು ಬೆಲೆ ಚೀಟಿ ಅಂಟಿಸುತ್ತೇವೆ. ಚಿಲ್ಲರೆ ಕೊಡುವಾಗ ಮಕ್ಕಳು ಕಳೆಯುವುದೇ ಇಲ್ಲ, ಮುಂದಕ್ಕೆ ಎಣಿಸುತ್ತಾರೆ. 27 ರೂಪಾಯಿಯ ಸಾಮಾನಿಗೆ 50 ಕೊಟ್ಟರೆ, 27ಕ್ಕೆ ಮೂರು ಸೇರಿಸಿದರೆ 30, ಇಪ್ಪತ್ತು ಸೇರಿಸಿದರೆ 50. ಅಂಗಡಿಯವರೂ ಹೀಗೇ ಮಾಡುವುದು. ಅದೂ ಸರಿಯಾದ ದಾರಿಯೇ.

ಹಾಸನ ಟೌನ್ ಅಪ್ಪ (ಜನವರಿ)

ಇದು ಒಪ್ಪಿದೆ. ನನ್ನ ಮಗ ಇದೇ ಲೆಕ್ಕ ಸರಿ ಮಾಡಿದ, ಆದರೆ ಕಡ್ಡಿ ಕೊಟ್ಟು 52ರಲ್ಲಿ 27 ಕೊಡು ಅಂದಾಗ ಒಂದೊಂದೇ ಎಣಿಸಿದ. ಆದರೂ ನನ್ನ ಮುಖ್ಯ ಮಾತು ಹಾಗೇ ಇದೆ. ಇಂಗ್ಲಿಷ್ ಏನು ಮಾಡುತ್ತೀರಿ? ನಾಳೆ ಹೈಸ್ಕೂಲಿಗೆ ಬಂದಾಗ ಈ ಮಕ್ಕಳು ಒದ್ದಾಡುವುದಿಲ್ಲವೇ? ಇನ್ನೊಂದು, ನೀವೆಲ್ಲ ಹೇಳುತ್ತಿರುವುದು ಇಪ್ಪತ್ತು ಮಕ್ಕಳಿರುವ ಕೋಣೆಯ ಕಥೆ. ಟೌನಿನ ಸರ್ಕಾರಿ ಶಾಲೆಗಳಲ್ಲಿ ಜಾಸ್ತಿ ಮಕ್ಕಳಿರುತ್ತಾರೆ.

ಬೇಲೂರು ಟೀಚರ್ (ಜನವರಿ)

ಎರಡನೆಯದಕ್ಕೆ ಮೊದಲು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಟೀಚರ್. ಅದಕ್ಕಿಂತ ಜಾಸ್ತಿ ಆದರೆ ಮೊದಲನೇ ತಟ್ಟೆಯಲ್ಲಿ ನಾವು ಕೂರುವ ಹೊತ್ತು ಕಡಿಮೆಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಇಂಗ್ಲಿಷ್‌ಗೂ ನಲಿಕಲಿ ಇದೆ, ಹಾಡು, ಮಾತು, ಚಿತ್ರದಿಂದ ಶುರು. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವನ್ನೂ ತೆರೆದರು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಒಂದು ಭಾಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವುದು ಬಂದ ಮಗುವಿಗೆ ಇನ್ನೊಂದು ಬೇಗ ಬರುತ್ತದೆ. ಎರಡರಲ್ಲೂ ಅರ್ಧಂಬರ್ಧ ಆದವರಿಗೇ ಹೈಸ್ಕೂಲಿನಲ್ಲಿ ಕಷ್ಟ. ನೀವು ಒಪ್ಪಬೇಕಾಗಿಲ್ಲ.

ಹಾಸನ ಟೌನ್ ಅಪ್ಪ (ಜನವರಿ)

ಒಪ್ಪಿಲ್ಲ. ಆದರೆ ಕೇಳಿಸಿಕೊಂಡೆ.

ಅರಸೀಕೆರೆ ಮೇಷ್ಟ್ರು, ನಿವೃತ್ತ (ಫೆಬ್ರವರಿ)

ವರ್ಷದ ಕೊನೆಗೆ ಏನು ಬರಬೇಕು ಅಂತ ಆಲೂರಿನ ಅಮ್ಮ ಜೂನ್‌ನಲ್ಲೇ ಕೇಳಿದ್ದರು. ಯಾರೂ ನೇರವಾಗಿ ಹೇಳಲಿಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಪುಣ್ ಭಾರತ್ ಅಂತ, ಚಿಕ್ಕ ಮಕ್ಕಳ ಓದು, ಲೆಕ್ಕಕ್ಕೆ ಒಂದು ಯೋಜನೆ ಶುರು ಮಾಡಿತು. ಅದರಲ್ಲಿ 2ನೇ ಕ್ಲಾಸಿನ ಗುರಿ ಹೀಗಿದೆ: ನಿಮಿಷಕ್ಕೆ 45ರಿಂದ 60 ಪದ ಅರ್ಥ ಆಗುವ ಹಾಗೆ ಓದುವುದು, 999ರವರೆಗೆ ಸಂಖ್ಯೆ ಓದಿ ಬರೆಯುವುದು, 99ರವರೆಗಿನ ಕಳೆಯುವ ಲೆಕ್ಕ.

ಆದರೆ ದಯವಿಟ್ಟು ಗಡಿಯಾರ ಹಿಡಿದು ಕೂರಬೇಡಿ. ಕನ್ನಡದ ಪದ ಉದ್ದ. "ಹೊರಟುಹೋಗಿದ್ದಾರಂತೆ" ಕೂಡ ಒಂದೇ ಪದ, "ಮರ" ಕೂಡ ಒಂದೇ ಪದ. ಎಣಿಸಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ? ಹೊಸ ಕಥೆ ಕೊಡಿ, ಓದಿದ ಮೇಲೆ "ಅವನು ಯಾಕೆ ಹಾಗೆ ಮಾಡಿದ" ಅಂತ ಒಂದು ಪ್ರಶ್ನೆ ಕೇಳಿ. ಅದಕ್ಕೆ ಉತ್ತರ ಬಂದರೆ ವೇಗ ತಾನಾಗಿ ಬರುತ್ತದೆ.

ಚಿಕ್ಕಮಗಳೂರು ಅಜ್ಜಿ (ಫೆಬ್ರವರಿ)

ಹೊಸ ಕಥೆಗೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರೆ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಮಾಡಿದಾಗಿನಿಂದ. ಮೊಬೈಲಿನಲ್ಲಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಹಂತ ಹಂತವಾಗಿ ಇವೆ. ಮೊಮ್ಮಗ 1ನೇ ಹಂತ ಮುಗಿಸಿ 2ಕ್ಕೆ ಬಂದಿದ್ದಾನೆ. ನನ್ನ ಕನ್ನಡಕ ಸರಿಯಿಲ್ಲ ಅಂತ ಹೇಳಿ ಅವನಿಂದಲೇ ಓದಿಸುತ್ತೇನೆ. ಕನ್ನಡಕ ಸರಿಯಾಗೇ ಇದೆ.

ಎಸ್ಟೇಟ್ ರೈಟರ್, ಮೂಡಿಗೆರೆ (ಮಾರ್ಚ್)

ಕೊಯ್ಲು ಮುಗಿಯಿತು, ಅಸ್ಸಾಂ ಹುಡುಗನ ಮನೆಯವರು ಹೊರಟಿದ್ದಾರೆ. ಅವನು ಕನ್ನಡದಲ್ಲಿ ಜಗಳ ಆಡುವಷ್ಟು ಕಲಿತಿದ್ದಾನೆ. ಮುಂದೆ ಅಲ್ಲಿ ಶಾಲೆಗೆ ಸೇರಿಸಲು ಏನಾದರೂ ಕಾಗದ ಬೇಕಾಗುತ್ತದಾ ಟೀಚರ್?

ಕಳಸದ ಕಡೆ ಟೀಚರ್ (ಮಾರ್ಚ್)

ಅಣ್ಣ, ಶಾಲೆಯಿಂದ ಟಿಸಿ ತೆಗೆದುಕೊಳ್ಳಿ, ಜೊತೆಗೆ ಪ್ರಗತಿ ನೋಟದ, ಅಂದರೆ ಮಗು ಎಲ್ಲಿಯವರೆಗೆ ಕಲಿತಿದೆ ಅಂತ ಗುರುತು ಹಾಕುವ ಹಾಳೆಯ, ಒಂದು ಜೆರಾಕ್ಸ್. ಅಲ್ಲಿಯವರಿಗೆ ಕನ್ನಡ ಓದಲು ಬರುವುದಿಲ್ಲ, ಆದ್ದರಿಂದ ಲೆಕ್ಕದಲ್ಲಿ ಎಲ್ಲಿಯವರೆಗೆ ಬಂದಿದ್ದಾನೆ ಅಂತ ಹಿಂದಿಯಲ್ಲಿ ಎರಡು ಸಾಲು ಬರೆಸಿ ಹೆಡ್‌ಮಾಸ್ಟರ್ ಸಹಿ ಹಾಕಿಸಿ. ಡಿಸೆಂಬರ್‌ನಲ್ಲಿ ವಾಪಸ್ ಬಂದರೆ 3ನೇ ಕ್ಲಾಸಿಗೆ ಅದೇ ಕೋಣೆಗೆ ಬರುತ್ತಾನೆ. 3ರವರೆಗೂ ನಲಿಕಲಿ ಇರುವುದರಿಂದ ಬಿಟ್ಟ ಕಡೆಯಿಂದಲೇ ಶುರು ಮಾಡಬಹುದು.

ಆಲೂರಿನ ಅಮ್ಮ (ಮಾರ್ಚ್)

ಏಪ್ರಿಲ್ ಹತ್ತರ ಹೊತ್ತಿಗೆ ಶಾಲೆ ಮುಗಿಯುತ್ತದೆ, ಆಮೇಲೆ ಮೇ ಕೊನೆಯವರೆಗೆ ರಜೆ. ಕಲಿತದ್ದು ಮರೆಯುತ್ತದೆ ಅಂತ ಇವರಪ್ಪ ಕಾಪಿ ಪುಸ್ತಕ ತಂದಿಟ್ಟಿದ್ದಾರೆ. ಬರೆಸಲಾ?

ಬೇಲೂರು ಟೀಚರ್ (ಮಾರ್ಚ್)

ಕಾಪಿ ಪುಸ್ತಕ ಬೀರುವಿನಲ್ಲಿ ಇಡಿ. ಹಾಲಿನ ಲೆಕ್ಕ ಅವಳಿಗೇ ವಹಿಸಿ, ದಿನಾ ಎಷ್ಟು ಲೀಟರ್ ಅಂತ ಕ್ಯಾಲೆಂಡರಿನಲ್ಲಿ ಬರೆಯಲಿ. ಅಕ್ಕಿ ಪಾವಿನಲ್ಲಿ ಅಳೆಯಲಿ. ಅಂಗಳ ಎಷ್ಟು ಮೊಳ, ಎಷ್ಟು ಹೆಜ್ಜೆ ಅಂತ ಅಳೆಯಲಿ, ಅಪ್ಪನ ಹೆಜ್ಜೆಗೂ ಅವಳ ಹೆಜ್ಜೆಗೂ ಲೆಕ್ಕ ಯಾಕೆ ಬೇರೆ ಬರುತ್ತದೆ ಅಂತ ಕೇಳಿ. ಮೇ ತಿಂಗಳಲ್ಲಿ ನಿಮ್ಮ ಕಡೆ ಆಲೂಗಡ್ಡೆ ಬಿತ್ತನೆ ಶುರುವಾಗುತ್ತದಲ್ಲ, ಮೊಳಕೆ ಬಂದ ಒಂದು ತುಂಡು ಡಬ್ಬಿಯಲ್ಲಿ ನೆಡಿಸಿ. ಚಿಗುರು ಎಷ್ಟು ಬೆರಳು ಎತ್ತರ ಬಂತು ಅಂತ ವಾರಕ್ಕೊಮ್ಮೆ ಬರೆದಿಡಲಿ.

ಹಾಗೇ ಒಂದು ಸಹಾಯ. ಹಳೇ ಲಗ್ನಪತ್ರಿಕೆ, ಹಳೇ ಕ್ಯಾಲೆಂಡರ್ ಇದ್ದರೆ ಎಸೆಯಬೇಡಿ, ನಿಮ್ಮ ಶಾಲೆಗೇ ಕೊಡಿ. ಹರಿದ ಕಾರ್ಡುಗಳಿಗೆ ಬದಲು ಮಾಡಿಕೊಳ್ಳಲು ದಪ್ಪ ಕಾಗದ ಯಾವ ಟೀಚರ್‌ಗೂ ಸಾಲುವುದಿಲ್ಲ.

ಹಾಸನ ಟೌನ್ ಅಪ್ಪ (ಮಾರ್ಚ್)

ಲಗ್ನಪತ್ರಿಕೆ ನಮ್ಮ ಪ್ರೆಸ್ಸಿನಲ್ಲಿ ಉಳಿದವು ರಾಶಿ ಇವೆ. ಒಂದು ಕಡೆ ಪೂರ್ತಿ ಖಾಲಿ. ಎಷ್ಟು ಬೇಕು ಹೇಳಿ, ಬೇಲೂರು ಬಸ್ಸಿಗೆ ಹಾಕಿಸುತ್ತೇನೆ.